ಗಾದಿಗನೂರಿನ ರಸ್ತೆ ಮತ್ತು 19ನೇ ಗೇಟು

ಬಳ್ಳಾರಿಯಿಂದ ಹೊಸಪೇಟೆಗೆ ಬಸ್ಸಲ್ಲಿ ಹೋಗೋರಿಗೆ ತೋರಣಗಲ್ಲು ದಾಟಿದ ಮೇಲೆ ಗಾದಿಗನೂರು ಸಿಗುತ್ತೆ. ಅದಿರು ಲಾರಿಗಳ ಕೆಂಪು ಧೂಳಿಗೆ ಕಿಟಕಿ ಮುಚ್ಚಿ ನಿದ್ದೆ ಹೊಡೆಯೋರೇ ನಾವೆಲ್ಲ. ಆದರೆ ಪ್ರಾಜೆಕ್ಟ್ ಮಾಡುವ ನಮಗೆ ಈ ದಾರಿಯ ಎರಡು ತುದಿಗಳು ಒಂದು ಒಳ್ಳೆಯ ಪಾಠ ಇಟ್ಟಿವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಈ ಗೇಟುಗಳು ಇರೋದು ಅಣೆಕಟ್ಟೆಯ ಮೇಲ್ಭಾಗದಲ್ಲಿ. 60 ಅಡಿ ಅಗಲ, 20 ಅಡಿ ಎತ್ತರ. ಒಂದೇ ಕಡೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಪುಸ್ತಕದ ಉತ್ತರ ಸರಳ: ನೀರು ಗೇಟಿನ ಬುಡದವರೆಗೆ ಇಳಿಯಲಿ, ಆಮೇಲೆ ನೆಮ್ಮದಿಯಾಗಿ ಹೊಸ ಗೇಟು ಕೂರಿಸೋಣ. ಹಾಗೆ ಮಾಡಿದ್ರೆ ಸುಮಾರು 60 ಟಿಎಂಸಿ ಹೋಗುತ್ತೆ ಅನ್ನೋ ಲೆಕ್ಕ ಕೇಳಿಬಂತು. ಜಲಾಶಯದ ಒಟ್ಟು ಸಾಮರ್ಥ್ಯವೇ ಸುಮಾರು 105 ಟಿಎಂಸಿ! ಆಗಷ್ಟೇ ಭತ್ತ ನಾಟಿ ಮಾಡಿದ್ದ ರೈತರಿಗೆ ಆ ಉತ್ತರ ಹೇಗೆ ಕೇಳಿಸಿರಬೇಡ?

ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ತಂಡದವರು ಹಿಡಿದ ದಾರಿ ಬೇರೆ. ಪೂರ್ತಿ ಗೇಟಿನ ಆಸೆ ಸದ್ಯಕ್ಕೆ ಬಿಟ್ಟರು. ಒಂದರ ಮೇಲೊಂದು ಜೋಡಿಸುವ ಐದು ಉಕ್ಕಿನ ತುಂಡುಗಳ ಸ್ಟಾಪ್‌ಲಾಗ್ ಸಾಕು, ಅದೂ ಹರಿಯುವ ನೀರಲ್ಲೇ ಇಳಿಸೋಣ ಅಂದರು. ತೋರಣಗಲ್ಲಿನ ಜಿಂದಾಲ್ ಕಾರ್ಖಾನೆಯಲ್ಲೂ ಹೊಸಪೇಟೆಯ ವರ್ಕ್‌ಶಾಪ್‌ಗಳಲ್ಲೂ ತುಂಡುಗಳು ತಯಾರಾದವು. ಮೊದಲ ಯತ್ನದಲ್ಲಿ ಅದು ಕೂರಲಿಲ್ಲ. ಮತ್ತೆ ತಿದ್ದಿದರು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನ ಕಿಂಡಿ ಮುಚ್ಚಿತು. 70 ಟಿಎಂಸಿ ಆಸುಪಾಸು ನೀರು ಉಳಿಯಿತು. ಆಮೇಲೆ ಮಳೆಯೂ ಕೈಹಿಡಿಯಿತು.

ಇಲ್ಲಿ ರಾಜಿ ಆದದ್ದು ಎಲ್ಲಿ ಅಂತ ಗಮನಿಸ್ರಿ. ಗೇಟಿನ ರೂಪದಲ್ಲಿ ರಾಜಿ, ಕೆಲಸದ ಕ್ರಮದಲ್ಲಿ ರಾಜಿ. ನೀರು ಉಳಿಸಬೇಕು ಅನ್ನೋದರಲ್ಲಿ ಇಲ್ಲ. ನಾವು ಹಾಸ್ಟೆಲ್‌ನಲ್ಲಿ ದಿನಾ ಹೇಳುವ 'ಅಡ್ಜಸ್ಟ್ ಮಾಡ್ಕೊ ಮಾರಾಯ' ಬೇರೆ ಜಾತಿಯದು. ಅಲ್ಲಿ ಮೊದಲು ಬಿಟ್ಟುಕೊಡೋದೇ ಗುರಿಯನ್ನ.

ಇನ್ನೊಂದು ಮಾತು. ರಾಜಿಗೂ ಬೆಲೆ ಇದೆ, ಅದನ್ನ ಯಾರೋ ಕಟ್ಟಬೇಕು. ಸ್ಟಾಪ್‌ಲಾಗ್ ತಾತ್ಕಾಲಿಕವಾಗಿತ್ತು, ಉಳಿದ ಗೇಟುಗಳಿಗೂ ಏಳು ದಶಕದ ವಯಸ್ಸಾಗಿತ್ತು. ಹಾಗಾಗಿ 2025ರ ಮುಂಗಾರಲ್ಲಿ ಜಲಾಶಯ ತುಂಬುವಷ್ಟು ನೀರು ಬಂದರೂ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಕಣ್ಣೆದುರೇ ನೀರು ಹರಿದುಹೋಗೋದನ್ನ ನೋಡಿದ ರೈತನಿಗೆ ಇದು ಸಣ್ಣ ಮಾತಲ್ಲ. ಹಾಗಂತ ಆ ಮಿತಿ ತಪ್ಪು ಅಂತ ನಮಗೆ ಅನಿಸುವುದಿಲ್ಲ.

ಫೈನಲ್ ಇಯರ್‌ನವರು ಈಗ ಸಿನಾಪ್ಸಿಸ್ ಬರೀತಿದ್ದೀರಿ. ಹತ್ತು ಸೆನ್ಸರ್, ಆ್ಯಪ್, ಕ್ಲೌಡ್ ಅಂತ ಪಟ್ಟಿ ಮಾಡೋ ಮುಂಚೆ ಒಂದು ಹಾಳೆ ತಗೊಳ್ಳಿ. ಯಾವುದನ್ನು ಬಿಡಲಾಗದು ಅನ್ನೋದನ್ನ ಒಂದೇ ಸಾಲಲ್ಲಿ ಬರೀರಿ. ಅದರ ಕೆಳಗೆ, ಬಿಡಬಹುದಾದದ್ದನ್ನೆಲ್ಲ ಬರೆದು, ಪ್ರತಿಯೊಂದರ ಪಕ್ಕ 'ಇದನ್ನ ಬಿಟ್ಟರೆ ಯಾರಿಗೆ ಕಷ್ಟ?' ಅಂತ ಒಂದು ಕಾಲಂ ಹಾಕಿ. ಗೈಡ್ ಹತ್ತಿರ ಹೋಗುವಾಗ ಆ ಹಾಳೆಯೂ ಜೊತೆಗಿರಲಿ.