ಅರವತ್ತೆರಡನೇ ಅಡಿಯ ತೇಪೆ

ನಾಲ್ಕನೇ ಸಲ ಮೋಟರ್ ಎತ್ತಿಸಿದ ದಿನ ನಾನು ಬಾಯಿ ಮುಚ್ಚಿಕೊಂಡು ಬದುವಿನ ಮೇಲೆ ಕೂತಿದ್ದೆ. ಮೊದಲ ಎರಡು ಸಲ ಬಯ್ಯುವುದಕ್ಕೆ ಯಾರಾದರೂ ಸಿಕ್ಕಿದ್ದರು. ಮೊದಲ ಸಲ ಕರೆಂಟಿನವರನ್ನು ಬಯ್ದೆ, ಎರಡನೇ ಸಲ ವೈರು ಮಾರಿದವನನ್ನು. ಈ ಸಲ ಎತ್ತೋ ಗಾಡಿಯ ಹುಡುಗ ಕೇಬಲ್ಲನ್ನು ಅಂಗೈಯಲ್ಲಿ ಸವರುತ್ತಾ ಬಂದು ಒಂದು ಕಡೆ ನಿಂತ. “ಮೋಟ್ರು ಸುಟ್ಟಿಲ್ಲ ಕನಣ್ಣ, ವೈರು ತಿಂದದ. ಹೋದ್ ಸಲ ತಿಂದಿದ್ ಜಾಗದಲ್ಲೇ ತಿಂದದ” ಅಂದ.

ರಾಮಾಪುರದ ಸುತ್ತ ಬೋರು ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದೆರಡು ಮಾತು. ನನ್ನ ಬೋರು 540 ಅಡಿ. ಮಣ್ಣು ಕುಸಿಯದ ಹಾಗೆ ಮೇಲಿನ 62 ಅಡಿಗೆ ಕಬ್ಬಿಣದ ಕೇಸಿಂಗ್ ಇಳಿಸಿದೆ, ಅಲ್ಲಿಂದ ಕೆಳಗೆ ಬರೀ ಬಂಡೆ. ಆಗ 420 ಅಡಿಯಲ್ಲಿ ಮೋಟರು ತೂಗುತ್ತಿತ್ತು. ಅದನ್ನು ಹಿಡಿದಿರುವುದು ಕಪ್ಪು ಎಚ್‌ಡಿಪಿಇ ಪೈಪು ಮತ್ತು ಜೊತೆಗೊಂದು ನೈಲಾನ್ ಹಗ್ಗ. ಪೈಪಿನ ಮೈಗೆ ಹತ್ತು ಹತ್ತು ಅಡಿಗೆ ಒಂದು ಕಟ್ಟು ಹಾಕಿ ಮೂರು ಎಳೆಯ ಚಪ್ಪಟೆ ಕೇಬಲ್ಲನ್ನು ಇಳಿಬಿಟ್ಟಿರುತ್ತೇವೆ. ಆ ಕೇಬಲ್ಲಿನ ಮೇಲುಹೊದಿಕೆ ಸವೆದು ಒಳಗಿನ ತಾಮ್ರ ಕಬ್ಬಿಣಕ್ಕೆ ತಾಗಿತೋ, ಸ್ಟಾರ್ಟರ್ ಟಪ್ಪಂತ ಬೀಳುತ್ತದೆ. ಅರಿಶಿನಕ್ಕೆ ನೀರಿಲ್ಲ. ಎತ್ತಿ ಇಳಿಸುವುದಕ್ಕೆ ಆರು ಸಾವಿರ.

ಮೊದಲ ಸಲ ನಾನು ಮಾಡಿದ ತಪ್ಪು, ಕಣ್ಣಿಗೆ ಕಂಡ ಜಾಗಕ್ಕೆ ಮದ್ದು ಹಚ್ಚಿದ್ದು. ನೆಲದ ಮೇಲೆ ಕೇಸಿಂಗಿನ ಬಾಯಿ ಕಾಣುತ್ತದೆ, ಅದರ ಅಂಚಿಗೆ ಕೇಬಲ್ ಒರಗಿರುವುದೂ ಕಾಣುತ್ತದೆ. ಅಲ್ಲೇ ಉಜ್ಜುತ್ತಿದೆ ಅಂತ ಹಳೇ ಟಯರಿನ ತುಂಡು ಸಿಕ್ಕಿಸಿ ಕೈತೊಳೆದುಕೊಂಡೆ. ಎತ್ತಿದ ಕೇಬಲ್ಲನ್ನು ಹೊಲದಲ್ಲಿ ಉದ್ದಕ್ಕೆ ಹಾಸಿದ್ದಾಗ ಮೇಲಿನಿಂದ ಕಟ್ಟು ಎಣಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆರು ಕಟ್ಟು ದಾಟಿ ಎರಡಡಿಗೆ ಗಾಯ. ಅಂದರೆ ಕೇಸಿಂಗ್ ಮುಗಿದು ಬಂಡೆ ಶುರುವಾಗುವ ಜಾಗ. ಗ್ಯಾಸಿನಲ್ಲಿ ಕತ್ತರಿಸಿದ ಕಬ್ಬಿಣದ ಅಂಚು ಅಲ್ಲಿ ಕತ್ತಲಲ್ಲಿ ಹಲ್ಲು ಬಿಟ್ಟುಕೊಂಡು ಕೂತಿತ್ತು.

ಎರಡನೇ ಸಲ ಜಾಗ ಸರಿಯಾಗಿ ಹಿಡಿದೆ, ಮದ್ದು ತಪ್ಪಿತು. ಕರೀ ಇನ್ಸುಲೇಶನ್ ಟೇಪನ್ನು ಒಂದು ಮೊಳ ಉದ್ದಕ್ಕೆ ಬಿಗಿಯಾಗಿ ಸುತ್ತಿದೆ. ನೋಡುವುದಕ್ಕೆ ಬಲು ಅಚ್ಚುಕಟ್ಟು. ಮೂರನೇ ಸಲ ಎತ್ತಿದಾಗ ಟೇಪಿನ ಅಂಟು ಕರಗಿ ಲೋಳೆಯಾಗಿತ್ತು, ಸುತ್ತು ಸುರುಳಿಬಿಟ್ಟು ಒಂದು ಕಡೆ ಗುಡ್ಡೆಯಾಗಿತ್ತು. ಅದರಡಿ ಕೇಸಿಂಗಿನ ಗೋಡೆಯಿಂದ ಇಳಿದ ನೀರು ನಿಂತು ಕೇಬಲ್ಲಿನ ಮೈ ಪಾಚಿಗಟ್ಟಿದ ಹಾಗೆ ಜಾರುತ್ತಿತ್ತು. ಪಕ್ಕದ ಹೊಲದವರು ಗೊಬ್ಬರದ ಚೀಲ ಸುತ್ತು ಅಂದರು. ಸುತ್ತಲಿಲ್ಲ. ಅದರ ಎಳೆ ಬಿಚ್ಚಿ ಕೆಳಗೆ ಬಿದ್ದರೆ ಮೋಟರಿನ ಜಾಲರಿಗೆ ಸುತ್ತಿಕೊಳ್ಳುತ್ತದೆ. ಸೈಕಲ್ ಟ್ಯೂಬ್ ಸೀಳಿ ಹೊದಿಸಿ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದೆ. ನಾಲ್ಕನೇ ಸಲ ಹುಡುಗ ನನಗೆ ತೋರಿಸಿದ್ದು ಅದನ್ನೇ. ಟ್ಯೂಬು ಸವೆದಿರಲಿಲ್ಲ, ಹರಿದಿರಲಿಲ್ಲ. ಸಡಿಲವಾದ ಕಾಲುಚೀಲದ ಹಾಗೆ ಜಾರಿ ಒಂದಡಿ ಕೆಳಗೆ ಮುದುಡಿ ಕೂತಿತ್ತು. ನಾನು ಬಿಗಿದ ದಾರವೇ ಕೇಬಲ್ಲಿಗೆ ಇನ್ನೊಂದು ಗಾಯ ಮಾಡಿತ್ತು.

ಆ ವಾರ ದೀಪಾವಳಿ. ಮಾದಪ್ಪನ ಬೆಟ್ಟದ ತೇರು ಮುಗಿಸಿಕೊಂಡು ನನ್ನ ಭಾಮೈದ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸೇನೆಯ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು. ಕೆರೆ ಕಂಡರೆ ಹೆದರುತ್ತಿದ್ದ ಹುಡುಗ ಹಲಸೂರು ಕೆರೆಯಲ್ಲಿ ಹಾಯಿದೋಣಿ ಕಲಿತುಬಿಟ್ಟಿದ್ದಾನೆ. ಸೇನೆಯ ಇಂಜಿನಿಯರುಗಳ ತಂಡ 1985ರಿಂದ 87ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಕಥೆಯನ್ನು ತಾನೇ ಹೋಗಿ ಬಂದವನ ಹಾಗೆ ಹೇಳುತ್ತಾನೆ. ಕೇಬಲ್ಲಿನ ಗಾಯ ನೋಡಿ ನಕ್ಕ. “ಭಾವ, ಇದು ನಮ್ ಸ್ಪ್ರೆಡರ್ ಕಥೆನೇ ಕನ.”

ದೋಣಿಯ ಕೂವೆಮರದ ಅರ್ಧದಲ್ಲಿ ಎರಡೂ ಪಕ್ಕಕ್ಕೆ ಚಾಚಿದ ತೋಳುಗಳಿರುತ್ತವಂತೆ, ಅವೇ ಸ್ಪ್ರೆಡರ್. ಮರ ಬಾಗದ ಹಾಗೆ ಹಿಡಿದ ಉಕ್ಕಿನ ಹಗ್ಗಗಳನ್ನು ಅವು ದೂರಕ್ಕೆ ತಳ್ಳಿ ನಿಲ್ಲಿಸುತ್ತವೆ. ಗಾಳಿ ಹಿಂದಿನಿಂದ ಬೀಸಿದಾಗ ಹಾಯಿ ಉಬ್ಬಿ ಹೋಗಿ ಆ ತೋಳಿಗೆ ಒರಗುತ್ತದೆ, ದೋಣಿ ತೂಗಿದ ಹಾಗೆಲ್ಲ ಉಜ್ಜುತ್ತದೆ. ಬಟ್ಟೆ ಎಷ್ಟು ದಿನ ತಾಳೀತು? ಅದಕ್ಕೇ ತೋಳಿನ ತುದಿಗೆ ತೊಗಲು ಹೊಲಿಯುತ್ತಾರೆ, ಹಾಯಿಗೂ ತೇಪೆ ಹಚ್ಚುತ್ತಾರೆ. ಅವನು ಹೇಳಿದ್ದರಲ್ಲಿ ನನ್ನ ಕಿವಿ ನಿಮಿರಿದ್ದು ಎರಡು ಕಡೆ. ಟೇಪನ್ನು ಪೂರ್ತಿ ಸುತ್ತಿ ಮುಚ್ಚಿದರೆ ಒಳಗೆ ಉಪ್ಪುನೀರು ನಿಂತು ಲೋಹವನ್ನೇ ತಿನ್ನುತ್ತದಂತೆ, ಆದ್ದರಿಂದ ನೀರು ಇಳಿದುಹೋಗುವುದಕ್ಕೆ ದಾರಿ ಬಿಡಬೇಕು. ಇನ್ನೊಂದು, ತೇಪೆಯ ಜಾಗವನ್ನು ಅಂದಾಜಿನಲ್ಲಿ ಗೊತ್ತು ಮಾಡುವುದಿಲ್ಲ. ತೋಳಿನ ತುದಿಗೆ ಬಣ್ಣ ಬಳಿದು, ಹಾಯಿ ಎತ್ತಿ, ಎಲ್ಲಿ ಕಲೆಯಾಯಿತೋ ಅಲ್ಲಿಗೆ ಹೊಲಿಯುತ್ತಾರೆ. ಕೆಲವರು ಹೆಂಗಸರ ಲಿಪ್‌ಸ್ಟಿಕ್ಕನ್ನೇ ಬಳಿಯುತ್ತಾರೆ ಅಂದಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ ನಕ್ಕಳು.

62 ಅಡಿ ಆಳದಲ್ಲಿ ಲಿಪ್‌ಸ್ಟಿಕ್ ಬಳಿಯುವವರು ಯಾರು? ಆದರೆ ಕಲೆ ಆಗಲೇ ಇತ್ತಲ್ಲ. ಸಂಜೆ ಕೇಬಲ್ಲನ್ನು ಮತ್ತೆ ಹಾಸಿ ಟಾರ್ಚ್ ಬಿಟ್ಟು ನೋಡಿದೆವು. ಆಳವಾದ ಗಾಯ ಬೆರಳಗಲ, ನಿಜ. ಅದರ ಮೇಲೂ ಕೆಳಗೂ ಒಂದೂವರೆ ಅಡಿಯಷ್ಟು ಉದ್ದಕ್ಕೆ ಮೈ ನುಣ್ಣಗೆ ಹೊಳೆಯುತ್ತಿತ್ತು. ಎಚ್‌ಡಿಪಿಇ ಪೈಪು ಕಬ್ಬಿಣದ ಹಾಗಲ್ಲ, ನೀರು ತುಂಬಿದರೆ ಭಾರಕ್ಕೆ ಹಿಗ್ಗುತ್ತದೆ, ಖಾಲಿಯಾದರೆ ಕುಗ್ಗುತ್ತದೆ. ಜೊತೆಗೆ ಮೋಟರ್ ಚಾಲೂ ಆಗುವಾಗ ಪೈಪನ್ನು ಒಮ್ಮೆ ತಿರುಚಿ ಒದೆಯುತ್ತದೆ. ಇಷ್ಟು ದಿನ ನಾನು ಒಂದು ಚುಕ್ಕಿಗೆ ಬಟ್ಟೆ ಕಟ್ಟುತ್ತಿದ್ದೆ.

ಎಷ್ಟು ಸಲ ಒದೆಯುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ತ್ರೀ ಫೇಸ್ ಕೊಡುವುದೇ ದಿನಕ್ಕೆ ಏಳು ಗಂಟೆ, ಅದೂ ಹೋಗಿ ಬಂದು. ಬಂದಾಗಲೆಲ್ಲ ತಾನೇ ಓಡಲಿ ಅಂತ ಸ್ಟಾರ್ಟರಿಗೆ ಆಟೋ ಹಾಕಿಸಿ ನಾನು ಮನೆಯಲ್ಲಿ ಮಲಗುತ್ತಿದ್ದೆ. ಒಂದು ರಾತ್ರಿ ಪಂಪ್‌ಹೌಸಿನಲ್ಲೇ ಮಲಗಿ ಎಣಿಸಿದೆ. ಬೆಳಗಾಗುವುದರೊಳಗೆ ಹದಿನಾಲ್ಕು ಸಲ ಮೋಟರು ಎದ್ದು ಕೂತಿತು. ನಮ್ಮಪ್ಪ ಇದ್ದಿದ್ದರೆ ಬಯ್ಯುತ್ತಿದ್ದ. ಎತ್ತಿನ ಹೆಗಲು ಹುಣ್ಣಾದರೆ ನೊಗಕ್ಕೆ ತೊಗಲು ಸುತ್ತುವ ಮೊದಲು ಅವನು ನೋಡುತ್ತಿದ್ದದ್ದು ನೊಗ ಯಾಕೆ ಓಲಾಡುತ್ತಿದೆ ಅಂತ. ಹೊಗೇನಕಲ್‌ನಲ್ಲಿ ಹರಿಗೋಲಿನವರೂ ಹಾಗೆಯೇ. ತಳಕ್ಕೆ ಎಷ್ಟು ಡಾಂಬರು ಬಳಿದಿದ್ದರೂ ಬಂಡೆಯ ಮೇಲೆ ಎಳೆಯುವುದಿಲ್ಲ, ತಲೆಯ ಮೇಲೆ ಕವುಚಿಕೊಂಡು ನಡೆಯುತ್ತಾರೆ.

ಆಟೋ ತೆಗೆಸಿದೆ. ರಾತ್ರಿ ಎದ್ದು ಹೋಗುವ ಕಷ್ಟ ನನ್ನದಾಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಮೇಲೆ ಪೈಪು ಓಲಾಡದ ಹಾಗೆ ಮಾಡಬೇಕಿತ್ತು. ಅದಕ್ಕೆಂದೇ ರಬ್ಬರಿನ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ನಾನು ಜಿಪುಣತನ ಮಾಡಿ ಟಯರ್ ಚಪ್ಪಲಿ ಮಾಡುವವರ ಹತ್ತಿರ ಲಾರಿ ಟಯರಿನ ಬಿಲ್ಲೆ ಕೊಯ್ಯಿಸಿದೆ. ನಡುವೆ ಪೈಪಿಗೆ ತೂತು, ಅಂಚಿನಲ್ಲಿ ಕೇಬಲ್ ಕೂರುವುದಕ್ಕೆ ಒಂದು ಕಚ್ಚು. ಬಿಗಿಯಾಗಿ ಇರಲಿ ಅಂತ ಆರೂಕಾಲು ಅಂಗುಲ ಮಾಡಿಸಿದ್ದೆ. ಮೊದಲನೆಯದೇ ಇಪ್ಪತ್ತು ಅಡಿಯಲ್ಲಿ ಕೇಸಿಂಗಿನ ಬೆಸುಗೆಗೆ ಸಿಕ್ಕಿ ಮೇಲಕ್ಕೂ ಬಾರದೆ ಕೆಳಕ್ಕೂ ಹೋಗದೆ ಕೂತಿತು. ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಐದೂವರೆಗೆ ಇಳಿಸಿ ಎರಡು ಬಿಲ್ಲೆ ಹಾಕಿದೆ, ಒಂದು 50 ಅಡಿಗೆ, ಇನ್ನೊಂದು ಅಂಚಿಗಿಂತ ಸ್ವಲ್ಪ ಮೇಲೆ.

ಕೇಬಲ್ಲಿಗೆ ಕೊನೆಗೆ ಒಗ್ಗಿದ್ದು ಮನೆಯಲ್ಲೇ ಬಿದ್ದಿದ್ದ ದಪ್ಪ ಹೋಸ್ ಪೈಪು. ಎಂಟು ಅಡಿ ಕತ್ತರಿಸಿ ಉದ್ದಕ್ಕೆ ಸೀಳಿ ಕೇಬಲ್ಲಿಗೆ ತೊಡಿಸಿದೆ. ಸೀಳು ಪೈಪಿನ ಕಡೆಗೆ, ಬೆನ್ನು ಕಬ್ಬಿಣದ ಕಡೆಗೆ. ಕೆಳತುದಿ ತೆರೆದೇ ಇರಲಿ, ನೀರು ಇಳಿಯಲಿ. ಕಟ್ಟುವುದಕ್ಕೆ ದಾರ ಬೇಡ, ಸೈಕಲ್ ಟ್ಯೂಬಿನ ಎರಡು ಬೆರಳಗಲದ ಪಟ್ಟಿ. ಹೊದಿಕೆಯಾಗಿ ಸೋತ ಟ್ಯೂಬು ಕಟ್ಟಾಗಿ ಚೆನ್ನಾಗಿ ದುಡಿಯಿತು. ಜಾರದ ಹಾಗೆ ಹೋಸಿನ ಎರಡು ತುದಿಯನ್ನೂ ಕೇಬಲ್ಲಿಗಲ್ಲ, ಪೈಪಿಗೇ ಕಟ್ಟಿದೆ. ಹಿಗ್ಗಿದಾಗ ಜಗ್ಗದಿರಲಿ ಅಂತ ಕಟ್ಟಿನಿಂದ ಕಟ್ಟಿಗೆ ಕೇಬಲ್ಲನ್ನು ಚೂರು ಸಡಿಲ ಬಿಟ್ಟೆ.

ಎರಡು ಬೇಸಿಗೆ ಸ್ಟಾರ್ಟರ್ ಬೀಳಲಿಲ್ಲ. ಹೋದ ವರ್ಷ ನೀರು ಕೆಳಗೆ ಹೋಗಿದ್ದಕ್ಕೆ ಮೋಟರನ್ನು ಇನ್ನೂ ಅರವತ್ತು ಅಡಿ ಇಳಿಸಬೇಕಾಗಿ ಬಂದು ಮತ್ತೆ ಎತ್ತಿಸಿದೆ. ಹೋಸಿನ ಬೆನ್ನಿನಲ್ಲಿ ಉಗುರು ಕೂರುವಷ್ಟು ಆಳದ ಹೊಳಪಿನ ಗೀರು. ಬಿಚ್ಚಿ ನೋಡಿದರೆ ಕೇಬಲ್ಲಿನ ಮೇಲೆ ಕಂಪನಿಯ ಅಚ್ಚಿನ ಅಕ್ಷರವೂ ಅಳಿಸಿರಲಿಲ್ಲ. ಹೆಮ್ಮೆಯಿಂದ ಅದನ್ನೇ ಮತ್ತೆ ತೊಡಿಸಿ ಕಟ್ಟಿ, ಮೇಲ್ತುದಿಗೆ ಅರವತ್ತು ಅಡಿ ಹೊಸ ಪೈಪು ಕೂಡಿಸಿ ಇಳಿಸಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹುಡುಗ ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ.

“ಅಣ್ಣ, ಅರವತ್ತಡಿ ಮೇಲ್ಗಡೆ ಸೇರ್ಸುದ್ರ ತೇಪೆ ಎಲ್ಲಿಗೋಯ್ತದ?”

122 ಅಡಿಗೆ. ಬಂಡೆಯ ನಡುವೆ, ಯಾರಿಗೂ ಬೇಡದ ಜಾಗಕ್ಕೆ. ಎದ್ದು ಮನೆಗೆ ಹೋಗಿ ಉಳಿದಿದ್ದ ಹೋಸನ್ನೂ ಕುಡುಗೋಲನ್ನೂ ತಂದೆ.