ಖಾಲಿ ಡಬ್ಬಿಯಲ್ಲಿ ಅಡಗಿರುವ ವಿದ್ಯುತ್ತು

ದಸರೆಯ ದಿನಗಳ ಒಂದು ಸಂಜೆ. ಮೈಸೂರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನವನ್ನು ಸುತ್ತಿ ದಣಿದವನೊಬ್ಬನು ತಂಪು ಪಾನೀಯದ ಡಬ್ಬಿಯೊಂದನ್ನು ಕೊಳ್ಳುತ್ತಾನೆ. ಐದು ನಿಮಿಷಗಳಲ್ಲಿ ಕುಡಿದು ಮುಗಿಸಿ ಅದನ್ನು ಎಸೆದು ನಡೆಯುತ್ತಾನೆ. ಡಬ್ಬಿಯ ತೂಕ ಸುಮಾರು 14 ಗ್ರಾಂ. ಅಂಗೈಯಲ್ಲಿಟ್ಟರೆ ಭಾರವೇ ತಿಳಿಯದು. ಆದರೆ ಆತನು ಎಸೆದದ್ದು ತುಸು ಲೋಹವನ್ನಷ್ಟೇ ಅಲ್ಲ. ಆ ಲೋಹವನ್ನು ಪಡೆಯಲು ವ್ಯಯವಾದ ವಿದ್ಯುತ್ತನ್ನೂ ಎಸೆದನು. ಅದು ಹೇಗೆಂಬುದನ್ನು ವಿಚಾರಮಾಡೋಣ.

ಇಂತಹ ಡಬ್ಬಿಗಳನ್ನು ಹೆಚ್ಚಾಗಿ ಅಲ್ಯುಮಿನಿಯಮಿನಿಂದ ಮಾಡುತ್ತಾರೆ. ಭೂಮಿಯ ಹೊರಚಿಪ್ಪಿನಲ್ಲಿ ಇದರಷ್ಟು ಹೇರಳವಾದ ಲೋಹ ಬೇರೊಂದಿಲ್ಲ. ಆದರೂ ಚಿನ್ನದಂತೆ ಇದು ಬಿಡಿಯಾಗಿ ದೊರೆಯುವುದಿಲ್ಲ. ಆಮ್ಲಜನಕದೊಡನೆ ಬಿಗಿಯಾಗಿ ಸಂಯೋಗಗೊಂಡಿರುತ್ತದೆ. ಇದರ ಮುಖ್ಯ ಅದಿರು ಬಾಕ್ಸೈಟ್. ಅದಿರನ್ನು ಕಾಸ್ಟಿಕ್ ಸೋಡದ ದ್ರಾವಣದಲ್ಲಿ ಶುದ್ಧಿಮಾಡಿದರೆ ಅಲ್ಯುಮಿನಾ ಎಂಬ ಬಿಳಿಯ ಪುಡಿ ದೊರೆಯುತ್ತದೆ. ನಮ್ಮ ನಾಡಿನ ಬೆಳಗಾವಿಯಲ್ಲಿರುವ ಹಿಂಡಾಲ್ಕೊ ಕಾರ್ಖಾನೆಯಲ್ಲಿ ನಡೆಯುವುದು ಈ ಕೆಲಸವೇ. ಒಂದು ಟನ್ ಲೋಹಕ್ಕೆ ಸುಮಾರು ಎರಡು ಟನ್ ಅಲ್ಯುಮಿನಾ, ಅದಕ್ಕೆ ನಾಲ್ಕೈದು ಟನ್ ಬಾಕ್ಸೈಟ್ ಬೇಕು. ಉಳಿಯುವ ಕ್ಷಾರಯುಕ್ತ ಕೆಂಪು ಕೆಸರನ್ನು ಎಚ್ಚರಿಕೆಯಿಂದ ಕೂಡಿಡಬೇಕಾಗುತ್ತದೆ.

ಕಬ್ಬಿಣದ ಅದಿರನ್ನು ಇದ್ದಲಿನೊಡನೆ ಕಾಸಿ ಲೋಹವನ್ನು ಬೇರ್ಪಡಿಸಬಹುದು. ಅಲ್ಯುಮಿನಾ ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಅದು ಕರಗಲು 2,000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣ ಬೇಕು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಉಪಾಯವನ್ನು ಕಂಡುಹಿಡಿದರು. ಕರಗಿದ ಕ್ರಯೋಲೈಟಿನಲ್ಲಿ ಅಲ್ಯುಮಿನಾವನ್ನು ಲೀನಗೊಳಿಸಿದರೆ ಸುಮಾರು 960 ಡಿಗ್ರಿಯಲ್ಲಿಯೇ ವಿದ್ಯುದ್ವಿಭಜನೆ ಸಾಧ್ಯ. ಇಂದಿಗೂ ಇದೇ ವಿಧಾನ ಬಳಕೆಯಲ್ಲಿದೆ. ಇದರಲ್ಲಿ ಒಂದು ಕಿಲೋಗ್ರಾಂ ಲೋಹಕ್ಕೆ ಸುಮಾರು 14 ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ. ಬಿಡುಗಡೆಯಾದ ಆಮ್ಲಜನಕವು ಇಂಗಾಲದ ವಿದ್ಯುದ್ದ್ವಾರದೊಡನೆ ಕೂಡಿ ಇಂಗಾಲದ ಡೈಆಕ್ಸೈಡಾಗುತ್ತದೆ. ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ ಅಲ್ಲಿಯ ಹೊಗೆಯೂ ಲೆಕ್ಕಕ್ಕೆ ಸೇರಬೇಕು.

ಈಗ ಲೆಕ್ಕಮಾಡಿ ನೋಡಿ. ಸುಮಾರು 70 ಡಬ್ಬಿಗಳು ಸೇರಿದರೆ ಒಂದು ಕಿಲೋಗ್ರಾಂ. 14 ಯೂನಿಟ್ಟನ್ನು 70ರಿಂದ ಭಾಗಿಸಿದರೆ ಡಬ್ಬಿಯೊಂದಕ್ಕೆ ಒಂದು ಯೂನಿಟ್ಟಿನ ಐದನೆಯ ಒಂದು ಭಾಗ. ಇಷ್ಟರಿಂದ 10 ವಾಟ್ ಶಕ್ತಿಯ ಎಲ್‌ಇಡಿ ದೀಪವು 20 ಗಂಟೆಗಳ ಕಾಲ ಉರಿಯುತ್ತದೆ!

ಹಳೆಯ ಡಬ್ಬಿಯನ್ನು ಕರಗಿಸುವುದಾದರೋ ಬೇರೆಯ ಮಾತು. ಆಮ್ಲಜನಕದ ಬಂಧನವನ್ನು ಒಮ್ಮೆ ಬಿಡಿಸಿಯಾಗಿದೆ. ಶುದ್ಧ ಅಲ್ಯುಮಿನಿಯಮ್ 660 ಡಿಗ್ರಿಯಲ್ಲಿ ಕರಗುತ್ತದೆ. ಡಬ್ಬಿಯ ಮಿಶ್ರಲೋಹಕ್ಕೆ ಅದಕ್ಕಿಂತ ತುಸು ಕಡಿಮೆಯೇ ಸಾಕು. ಅದಿರಿನಿಂದ ಲೋಹವನ್ನು ಪಡೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಐದು ಪಾಲಿನಿಂದ ಕೆಲಸ ಮುಗಿಯುತ್ತದೆ. ಕಾಗದದ ನಾರು ಪ್ರತಿಸಾರಿಯೂ ಮೊಟಕಾಗುತ್ತದೆ. ಲೋಹದ ಪರಮಾಣು ಸವೆಯುವುದಿಲ್ಲ. ಆದುದರಿಂದ ಡಬ್ಬಿಯು ಮತ್ತೆ ಮತ್ತೆ ಡಬ್ಬಿಯಾಗಬಲ್ಲದು. 1959ರಲ್ಲಿ ಅಮೆರಿಕದ ಕೂರ್ಸ್ ಎಂಬ ಮದ್ಯ ತಯಾರಕರು ಅಲ್ಯುಮಿನಿಯಮ್ ಡಬ್ಬಿಯನ್ನು ಬಳಕೆಗೆ ತಂದಾಗ, ಹಿಂದಿರುಗಿಸಿದ ಪ್ರತಿಯೊಂದು ಡಬ್ಬಿಗೂ ಒಂದು ಸೆಂಟ್ ಕೊಡುತ್ತಿದ್ದರು.

ಆದರೆ ಇದಕ್ಕೊಂದು ಕಟ್ಟಳೆಯುಂಟು: ಡಬ್ಬಿಯು ಕುಲುಮೆಯನ್ನು ಸೇರಬೇಕು, ಅದೂ ಶುದ್ಧವಾಗಿ ಸೇರಬೇಕು. ಡಬ್ಬಿಯ ಒಡಲಿನಲ್ಲಿ ಮ್ಯಾಂಗನೀಸ್, ಮುಚ್ಚಳದಲ್ಲಿ ಹೆಚ್ಚು ಮೆಗ್ನೀಸಿಯಮ್ ಬೆರೆತಿರುತ್ತವೆ. ಇವುಗಳೊಡನೆ ಕಬ್ಬಿಣದ ಚೂರು ಮೊದಲಾದುವು ಕರಗಿಹೋದರೆ ಲೋಹದ ಗುಣ ಕೆಡುತ್ತದೆ. ಅವನ್ನು ಹಿಂದೆಗೆಯುವುದು ಕಷ್ಟ. ಕಬ್ಬಿಣವನ್ನು ಗುರುತಿಸಲು ಒಂದು ಅಯಸ್ಕಾಂತ ಸಾಕು. ನಿಮ್ಮ ಮನೆಯಲ್ಲಿಯೇ ಪರೀಕ್ಷಿಸಿ: ಉಕ್ಕಿನ ಡಬ್ಬಿ ಅಂಟಿಕೊಳ್ಳುತ್ತದೆ, ಅಲ್ಯುಮಿನಿಯಮಿನದು ಅಂಟುವುದಿಲ್ಲ. ದೊಡ್ಡ ಘಟಕಗಳಲ್ಲಿ ವೇಗವಾಗಿ ತಿರುಗುವ ಅಯಸ್ಕಾಂತಗಳು ಅಲ್ಯುಮಿನಿಯಮಿನಲ್ಲಿ ಸುಳಿವಿದ್ಯುತ್ತನ್ನು ಹುಟ್ಟಿಸಿ, ಡಬ್ಬಿಗಳನ್ನು ಉಳಿದ ಕಸದಿಂದ ದೂರಕ್ಕೆ ಚಿಮ್ಮಿಸುತ್ತವೆ.

ಆದರೆ ಮೊದಲನೆಯ ವಿಂಗಡಣೆ ನಡೆಯಬೇಕಾದದ್ದು ಮನೆಯಲ್ಲಿ. 2015 ಹಾಗೂ 2016ರ ರಾಷ್ಟ್ರೀಯ ಸ್ವಚ್ಛತಾ ಸಮೀಕ್ಷೆಗಳಲ್ಲಿ ಮೈಸೂರು ಮೊದಲ ಸ್ಥಾನವನ್ನು ಪಡೆಯಿತು. ಹಸಿ ಕಸ, ಒಣ ಕಸಗಳನ್ನು ಬೇರೆಬೇರೆಯಾಗಿಸುವುದು, ಕುಂಬಾರಕೊಪ್ಪಲಿನಂಥ ಬಡಾವಣೆಗಳ ಘಟಕಗಳಲ್ಲಿ ಅದನ್ನು ಕೈಯಿಂದ ವಿಂಗಡಿಸುವುದು—ಇಂತಹ ಕ್ರಮಗಳು ನಗರಕ್ಕೆ ಆ ಹೆಸರನ್ನು ತರಲು ನೆರವಾದುವು. ಅನ್ನ ಸಾರಿನೊಡನೆ ಬೆರೆತ ಡಬ್ಬಿಯನ್ನು ಹೆಕ್ಕಿ ತೊಳೆಯುವ ಶ್ರಮ ಆ ಕೆಲಸಗಾರರ ಮೇಲೆ ಬೀಳುತ್ತದೆ. ಅದನ್ನು ತೊಳೆದು ಒಣ ಕಸಕ್ಕೆ ಸೇರಿಸಲು, ಇಲ್ಲವೆ ಗುಜರಿಯವನಿಗೆ ಕೊಡಲು ನಮಗೆ ಅರ್ಧ ನಿಮಿಷವೂ ಬೇಡ.

ಹಾಗೆಂದು, ಮರುಬಳಕೆಯಾಗುತ್ತದೆಯಲ್ಲಾ ಎಂದು ಡಬ್ಬಿಗಳನ್ನು ಹೆಚ್ಚು ಹೆಚ್ಚಾಗಿ ಕೊಳ್ಳುವುದು ಜಾಣತನವಲ್ಲ. ಮನೆಯ ಲೋಟದಲ್ಲಿ ಕುಡಿದ ಮಜ್ಜಿಗೆಗೆ ಕುಲುಮೆಯೇ ಬೇಕಿಲ್ಲ. ಆದರೆ ಡಬ್ಬಿಯೊಂದು ಕೈಗೆ ಬಂದ ಮೇಲೆ, ಅದು ಕಸವೋ ಅದಿರೋ ಎಂಬುದನ್ನು ನಿರ್ಧರಿಸುವುದು ಅದನ್ನು ಹಿಡಿದಿರುವ ಕೈಯೇ.