ಚರ್ಮದ ಕ್ಯಾನ್ಸರ್: ಕಸ ತೆಗೆಯುವ ಜೀವಕೋಶ

ಹೊನವಾಡ, ತಿಕೋಟಾ ಕಡೆಯ ಹೊಲ, ದ್ರಾಕ್ಷಿ ತೋಟಗಳಲ್ಲಿ ದುಡಿಯುವವರ ಮೈಗೆ ದಿನವಿಡೀ ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ಆದರೂ ಬಹುತೇಕರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ. ಏಕೆ?

ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಒಂದು ರಕ್ಷಣೆ. ಇನ್ನೊಂದು ಜೀವಕೋಶದೊಳಗೇ ಇದೆ. ಕೆಟ್ಟ ಪ್ರೋಟೀನು, ಸವೆದ ಭಾಗಗಳನ್ನು ಅದು ಪೊರೆಯ ಚೀಲದಲ್ಲಿ ಕಟ್ಟಿ, ಕರಗಿಸಿ, ಸಿಕ್ಕ ಸರಕನ್ನು ಮತ್ತೆ ಬಳಸುತ್ತದೆ. ಇದೇ ‘ಆಟೊಫೇಜಿ’, ಅಂದರೆ ಸ್ವಭಕ್ಷಣೆ. ಯೀಸ್ಟ್‌ನಲ್ಲಿ ಇದರ ಜೀನ್‌ಗಳನ್ನು ಗುರುತಿಸಿದ ಜಪಾನಿನ ಯೊಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಈ ಕ್ರಿಯೆಗೆ ಎರಡು ಮುಖ. ಆರಂಭದಲ್ಲಿ ಇದು ಕ್ಯಾನ್ಸರ್ ತಡೆಯಲು ನೆರವಾಗುತ್ತದೆ. ಗಡ್ಡೆ ಬೆಳೆದ ಮೇಲೆ ಕ್ಯಾನ್ಸರ್ ಕೋಶಗಳೂ ಇದನ್ನೇ ಬಳಸಿ, ಆಹಾರ ಸಾಲದಿದ್ದರೂ, ಔಷಧಿ ಬಿದ್ದರೂ ಬದುಕಿಕೊಳ್ಳಬಲ್ಲವು. ಆದ್ದರಿಂದ ‘ಉಪವಾಸದಿಂದ ಸ್ವಭಕ್ಷಣೆ ಹೆಚ್ಚಿ ಕ್ಯಾನ್ಸರ್ ವಾಸಿಯಾಗುತ್ತದೆ’ ಎಂಬ ಮಾತು ನಂಬಿ ಚಿಕಿತ್ಸೆ ಬಿಡಬಾರದು.

ಮಧ್ಯಾಹ್ನದ ಬಿಸಿಲಲ್ಲಿ ನೆರಳು ಹುಡುಕಿ. ತಲೆಗೆ ರುಮಾಲು ಅಥವಾ ಸೆರಗು, ಮೈಗೆ ತುಂಬುತೋಳಿನ ಅಂಗಿ ಇರಲಿ. ಆದರೆ ಬಿಸಿಲೊಂದೇ ಕಾರಣವಲ್ಲ. ಮೆಲನೋಮ ಎಂಬ ಉಗ್ರ ಚರ್ಮದ ಕ್ಯಾನ್ಸರ್ ನಮ್ಮವರಲ್ಲಿ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ ಕಾಣಿಸುತ್ತದೆ. ಬೆಳೆಯುವ, ಬಣ್ಣ ಬದಲಾಗುವ ಅಥವಾ ರಕ್ತ ಬರುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಎದ್ದ ಹುಣ್ಣು ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ನೋವಿಲ್ಲವೆಂದು ಸುಮ್ಮನಿರಬೇಡಿ. ಬೇಗ ಪತ್ತೆಯಾದ ಚರ್ಮದ ಕ್ಯಾನ್ಸರ್ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯಿಂದಲೇ ವಾಸಿಯಾಗುತ್ತದೆ.